ಮಾಳಿಗೆಯ ಮೇಲೆ ಆರು ಕಬ್ಬಿಣದ ಸಳಿ, ಗೋಡೆಯೊಳಗೆ ನಾಲ್ಕು: ಮನೆ ಕಟ್ಟಿಸುವವರು ಓದಿರಿ

ಇದನ್ನು ಬರೆಯಲು ನನಗೆ ನಾಚಿಕೆಯಿದೆ. ಇಪ್ಪತ್ತು ವರ್ಷ ಲೆಕ್ಕಪತ್ರದ ಕೆಲಸ ಮಾಡಿದವನು ‘ಎರಡು’ ಎಂಬ ಒಂದು ಸಂಖ್ಯೆಯನ್ನು ಸರಿಯಾಗಿ ಎಣಿಸದೆ ಲಕ್ಷಗಟ್ಟಲೆ ಹಣ ಮಣ್ಣಿಗೆ ಹಾಕಿದೆನೆಂದು ಹೇಳಿಕೊಳ್ಳುವುದು ಸುಲಭವಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಮ್ಮ ಮನೆ ಕಟ್ಟಿದ ಗುತ್ತಿಗೆದಾರನೇ ಕಳೆದ ವಾರ ನಮ್ಮ ಹಿಂದಿನ ಓಣಿಯಲ್ಲಿ ಇನ್ನೊಬ್ಬರ ಮನೆಗೆ ಪಾಯ ಅಗೆಸುತ್ತಿದ್ದುದನ್ನು ಕಣ್ಣಾರೆ ಕಂಡೆ.

ಧಾರವಾಡದಲ್ಲಿ ನಮ್ಮದು ಮೂವತ್ತು ನಲವತ್ತರ ನಿವೇಶನ. 2016ರಲ್ಲಿ ಎಷ್ಟು ಅಂತಸ್ತು ಕಟ್ಟಿಸಬೇಕೆಂಬ ಬಗ್ಗೆಯೇ ಮನೆಯಲ್ಲಿ ಆರು ತಿಂಗಳು ಚರ್ಚೆ ನಡೆಯಿತು. ಮೊಣಕಾಲು ನೋವಿನ ತಂದೆಯವರಿಗೆ ಒಂದೇ ಅಂತಸ್ತು ಸಾಕಾಗಿತ್ತು. ಬಾಡಿಗೆಯ ಲೆಕ್ಕ ಹಾಕುತ್ತಿದ್ದ ತಮ್ಮ ಒಂದೇ ಸಲಕ್ಕೆ ಮೂರನ್ನೂ ಎಬ್ಬಿಸಿಬಿಡೋಣ ಎನ್ನುತ್ತಿದ್ದ. ಇಬ್ಬರನ್ನೂ ನೋಯಿಸಲಾರದ ನಾನು, ಈಗ ಕೆಳಗೊಂದು ಮೇಲೊಂದು ಕಟ್ಟಿಸಿ, ತಮ್ಮನ ಮದುವೆಯ ಹೊತ್ತಿಗೆ ಅದರ ಮೇಲೆ ಇನ್ನೊಂದನ್ನು ಏರಿಸೋಣ ಎಂದೆ. ಈ ಮಾತು ಎಲ್ಲರಿಗಿಂತ ಹೆಚ್ಚು ಹಿಡಿಸಿದ್ದು ಗುತ್ತಿಗೆದಾರನಿಗೆ. ‘ಭಾಳ ಶಾಣ್ಯಾತನ ಮಾಡಿದ್ರಿ ಸರ್, ಪಾಯಾ ಈಗ ಗಟ್ಟಿ ಹಾಕಿಬಿಡೋಣು, ಮುಂದ ಯಾವಾಗ ಬೇಕ ಆವಾಗ ಏರಸರಿ’ ಎಂದ. ಆ ಗಟ್ಟಿ ಪಾಯಕ್ಕೆಂದು ಪ್ರತ್ಯೇಕವಾಗಿ 2,40,000 ರೂಪಾಯಿ ತೆಗೆದುಕೊಂಡ.

ಛಾಪಾ ಕಾಗದದ ಮೇಲೆ ಬರೆದದ್ದು ಹೀಗಿತ್ತು: ‘ಮುಂದೆ ಎರಡು ಅಂತಸ್ತಿಗೆ ಸಾಲುವಂತೆ ಪಾಯ ಹಾಗೂ ಕಾಲಂ ಹಾಕಿಕೊಡತಕ್ಕದ್ದು.’ ಕಾಲಂ ಎಂದರೆ ಭಾರ ಹೊರುವ ಕಾಂಕ್ರೀಟ್ ಕಂಬ. ನೆಲಮಹಡಿಯ ಮೇಲೆ ಎರಡು, ಅಂದರೆ ಒಟ್ಟು ಮೂರು ಎಂದು ನಾನು ಓದಿಕೊಂಡೆ. ಬರೆಸಿದವನೂ ನಾನೇ, ಓದಿಕೊಂಡವನೂ ನಾನೇ.

ನಮ್ಮಲ್ಲಿಯದು ಎರೆಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ನೆಲದಲ್ಲಿ ಗಟ್ಟಿ ಗರಸು (ಕಲ್ಲುಮಿಶ್ರಿತ ನೆಲ) ಸಿಗುವವರೆಗೆ ಅಗೆಯಬೇಕೆಂಬುದು ಇಲ್ಲಿಯ ಪ್ರತಿಯೊಬ್ಬ ಗೌಂಡಿಗೂ ಗೊತ್ತು. ನಕ್ಷೆಯಲ್ಲಿ ಐದಡಿ ಚೌಕದ ಫೂಟಿಂಗ್ (ಕಾಲಂನ ತಳದ ಅಗಲ ಕಾಂಕ್ರೀಟ್ ಹಾಸು), 9×15 ಇಂಚಿನ ಕಾಲಂ, ಅದರಲ್ಲಿ 16 ಎಂ.ಎಂ.ನ ಆರು ಸಳಿ ಎಂದು ಸ್ಪಷ್ಟವಾಗಿ ಬರೆದಿತ್ತು. ಆದರೆ ಕಾಲಂ ತುಂಬಿದ ಎರಡು ದಿನ ನಾನು ಆಡಿಟ್ ಕೆಲಸಕ್ಕೆಂದು ಬೆಳಗಾವಿಯಲ್ಲಿದ್ದೆ. ಒಂಬತ್ತಿಂಚಿನ ಗೋಡೆಯಲ್ಲಿ ಒಂಬತ್ತಿಂಚಿನ ಕಾಲಂ ಸೇರಿ ಗಿಲಾವು ಆದ ಮೇಲೆ ಅದರ ಅಗಲ ಹದಿನೈದೋ ಒಂಬತ್ತೋ ಎಂದು ಹೊರಗಿನಿಂದ ಯಾವ ಮಗನಿಗೂ ತಿಳಿಯುವುದಿಲ್ಲ.

ನನಗೆ ತಿಳಿಯುತ್ತಿದ್ದದ್ದು ಮುಂದೆ ಕಾಲಂ ಏರಿಸಲೆಂದು ಮಾಳಿಗೆಯ ಮೇಲೆ ಬಿಟ್ಟಿದ್ದ ಸಳಿಗಳು ಮಾತ್ರ. ಪ್ರತಿ ಕಾಲಂನ ತಲೆಯ ಮೇಲೆ ಆರಾರು ಸಳಿ, ಮೂರಡಿ ಎತ್ತರ, ತುಕ್ಕು ಹಿಡಿಯದಿರಲೆಂದು ಸಿಮೆಂಟಿನ ಹಾಲು ಬಳಿದು ಪ್ಲಾಸ್ಟಿಕ್ ಸುತ್ತಿದ್ದವು. 2019ರ ಮಾರ್ಚ್ 19ರಂದು ನಮ್ಮೂರಿನ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಮಂದಿ ಸತ್ತಾಗ ಧಾರವಾಡವೇ ನಡುಗಿತ್ತು. ಆ ವಾರ ತಂದೆಯವರು ಕಷ್ಟಪಟ್ಟು ಮೆಟ್ಟಿಲು ಹತ್ತಿ ಬಂದು, ಆ ಸಳಿಗಳನ್ನು ಕೈಯಿಂದ ಅಲುಗಿಸಿ ನೋಡಿ, ‘ನಮ್ಮದು ಗಟ್ಟಿ ಐತಿ ಬಿಡು’ ಎಂದಿದ್ದರು.

ಕಳೆದ ವರ್ಷ ತಮ್ಮನ ಮದುವೆ ನಿಶ್ಚಯವಾಯಿತು. ಈ ಸಲ ಬೇರೊಬ್ಬ ಸ್ಟ್ರಕ್ಚರಲ್ ಇಂಜಿನಿಯರರನ್ನು ಕರೆಸಿದೆವು. ಅವರು ಗೋಡೆಯೊಳಗಿನ ಕಬ್ಬಿಣ ಹುಡುಕುವ ಯಂತ್ರವನ್ನು ಕೆಳಗಿನ ಕಾಲಂಗೆ ಹಿಡಿದು, ಸುಮ್ಮನಾಗಿ, ಮತ್ತೊಮ್ಮೆ ಹಿಡಿದು, ‘ಮ್ಯಾಲೆ ಎಷ್ಟ ಸಳಿ ಅದಾವ್ರಿ?’ ಎಂದು ಕೇಳಿದರು. ಆರು ಎಂದೆ. ಮರುಮಾತಾಡದೆ ಉಳಿ ತರಿಸಿ ಗಿಲಾವು ಕೆತ್ತಿಸಿದರು. ಒಳಗೆ ನಾಲ್ಕೇ ಸಳಿ, ಅವೂ 12 ಎಂ.ಎಂ.ನವು. ಕಾಲಂ 9×9. ಚೌಕ ಕಾಲಂಗೆ ಇದಕ್ಕಿಂತ ಕಡಿಮೆ ಸಳಿ ಹಾಕಲೇಕೂಡದೆಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡವಾದ ಐ.ಎಸ್. 456 ಹೇಳುವ ಕನಿಷ್ಠ ಅದು. ಆಮೇಲೆ ಮಾಳಿಗೆಗೆ ಹೋಗಿ ಒಂದು ಕಾಲಂನ ತಲೆ ಒಡೆಸಿ ನೋಡಿದರೆ, ಆ ಆರು ದಪ್ಪ ಸಳಿಗಳು ಕೆಳಗಿನಿಂದ ಬಂದವೇ ಅಲ್ಲ. ಸ್ಲ್ಯಾಬ್ (ಕಾಂಕ್ರೀಟ್ ಛಾವಣಿ) ಹಾಕುವಾಗ ನನಗೆ ತೋರಿಸಲೆಂದೇ ಹೂತು ನಿಲ್ಲಿಸಿದ ತುಂಡುಗಳು. ಎಂಟು ವರ್ಷ ನಾನು ಆ ತುಂಡುಗಳನ್ನು ಬಂದವರಿಗೆಲ್ಲ ತೋರಿಸಿ ಹೆಮ್ಮೆಪಟ್ಟಿದ್ದೆ. ಒಂದು ಮೂಲೆಯಲ್ಲಿ ಅಗೆಸಿದಾಗ ಫೂಟಿಂಗ್ ಮೂರಡಿಯದು, ಅದೂ ಗರಸಿಗೆ ಮುಟ್ಟದೆ ಎರೆಮಣ್ಣಿನಲ್ಲೇ ಕೂತಿತ್ತು.

ಗುತ್ತಿಗೆದಾರನಿಗೆ ಫೋನ್ ಮಾಡಿದೆ. ಮೊದಲು, ‘ಇಂಜಿನಿಯರ್ರಿಗೆ ಪುಸ್ತಕ ಗೊತ್ತಿರತೈತ್ರಿ, ಮನಿ ಕಟ್ಟೂದು ನಮಗ ಗೊತ್ತ’ ಎಂದ. ಸಳಿಯ ಫೋಟೋ ಕಳಿಸಿದೆ. ‘ನಿಮ್ಮ ಓಣ್ಯಾಗ ಎಲ್ಲಾರೂ ಹಿಂಗ ಕಟ್ಯಾರ, ಯಾರ ಮನಿ ಬಿದ್ದೈತಿ ಹೇಳ್ರಿ’ ಎಂದ. ಕರಾರುಪತ್ರ ಹಿಡಿದುಕೊಂಡು ಅವನ ಮನೆಗೇ ಹೋದೆ. ಚಹಾ ಕೊಟ್ಟ. ಕಾಗದವನ್ನು ನಿಧಾನವಾಗಿ ಓದಿ, ಬೆರಳಿಟ್ಟು ತೋರಿಸಿದ: ‘ಎರಡ ಅಂತಸ್ತ ಅಂತ ನೀವಾ ಬರಸೀರಿ. ಕೆಳಗಿಂದು ಹಿಡದ ಎರಡ. ಎರಡ ನಿಂತಾವಿಲ್ರಿ?’ ಹಾಗಾದರೆ 2,40,000 ಯಾವುದಕ್ಕೆ ಎಂದು ಕೇಳಿದರೆ, ‘ಅದರಾಗ ಮಣ್ಣ ಹೊತ್ತ ಹಾಕಿದ ಖರ್ಚ ಐತಿ’ ಎಂದ. ಮೇಲಿನ ಆರು ಸಳಿಗಳ ಬಗ್ಗೆ ಕೇಳಿದಾಗ ಮಾತ್ರ ನಕ್ಕ. ನಾನು ಆ ನಗುವನ್ನು ಮರೆತಿಲ್ಲ.

ಮೇಲೆ ಏರಿಸಬೇಕಿದ್ದ ಅಂತಸ್ತಿನ 800 ಚದರಡಿಯ ಐದಿಂಚಿನ ಸ್ಲ್ಯಾಬ್ ಒಂದೇ 23 ಟನ್ನಿಗೂ ಹೆಚ್ಚು ತೂಗುತ್ತದೆ. ಗೋಡೆ, ನೆಲಹಾಸು, ನೀರಿನ ಟಾಕಿ ಬೇರೆ. ಈಗಿರುವ ಕಾಲಂಗಳ ಮೇಲೆ ಅದನ್ನು ಹೇರುವ ಮಾತೇ ಇಲ್ಲವೆಂದು ಇಂಜಿನಿಯರರು ಬರೆದುಕೊಟ್ಟರು. ಎಲ್ಲ ಕಾಲಂಗಳಿಗೂ ಪಾಯದಿಂದ ಜಾಕೆಟಿಂಗ್ (ಸುತ್ತ ಹೊಸ ಸಳಿ, ಕಾಂಕ್ರೀಟ್ ಹಾಕಿ ದಪ್ಪ ಮಾಡುವುದು) ಮಾಡಿಸುವುದಾದರೆ ಏಳು ಲಕ್ಷ, ಮನೆಯನ್ನೂ ತಿಂಗಳುಗಟ್ಟಲೆ ಖಾಲಿ ಮಾಡಬೇಕು. ತಮ್ಮ ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದಾನೆ.

ಕಟ್ಟಿಸುವವರಿದ್ದರೆ ದಯವಿಟ್ಟು ಕರಾರಿನಲ್ಲಿ ‘ಅಂತಸ್ತು’ ಎಂಬ ಪದವನ್ನೇ ಬರೆಯಬೇಡಿರಿ. ಸ್ಲ್ಯಾಬ್ ಎಷ್ಟು ಎಂದು ಬರೆಯಿರಿ: ಮೂರು ಸ್ಲ್ಯಾಬ್ ಎಂದರೆ ಮೂರೇ, ಅದಕ್ಕೆ ಇನ್ನೊಂದು ಅರ್ಥವಿಲ್ಲ. ಕಾಲಂ ತುಂಬುವ ದಿನ ಮಗುವಿಗೆ ಜ್ವರ ಬಂದರೂ, ಸಾಹೇಬರು ಕರೆದರೂ ಅಲ್ಲಿಯೇ ನಿಂತು, ಟೇಪು ಹಿಡಿದು ಸಳಿ ಎಣಿಸಿ ಫೋಟೋ ತೆಗೆಯಿರಿ. ಗುತ್ತಿಗೆದಾರನೇ ಕರೆತರುವ ಇಂಜಿನಿಯರ್ ಬೇಡವೇ ಬೇಡ. ಮುಂದೆ ಏರಿಸುವುದು ಖಚಿತವಿಲ್ಲದಿದ್ದರೆ, ನಮ್ಮ ತಂದೆಯವರು ಹೇಳಿದಂತೆ, ಒಂದೇ ಅಂತಸ್ತು ಕಟ್ಟಿಸಿ ಉಳಿದ ಹಣವನ್ನು ಬ್ಯಾಂಕಿನಲ್ಲಿಡಿರಿ.

ಮೊನ್ನೆ ಆ ಗುತ್ತಿಗೆದಾರನಿಂದ ಸಂದೇಶ ಬಂದಿದೆ: ‘ಸರ್, ಮ್ಯಾಲಿನ ಅಂತಸ್ತ ನಾನಾ ಕಟ್ಟಿ ಕೊಡತೀನಿ, ಹಳೇ ಗಿರಾಕಿ ಅಂತ ರೇಟ್ ಕಡಿಮಿ ಮಾಡತೀನಿ.’ ಉತ್ತರ ಕೊಟ್ಟಿಲ್ಲ.