ಟೊಮೆಟೊ, ಹುಣಸೆ, ಕಾಚಂಪುಳಿ: ಮಡಿಕೇರಿಯ ಒಂದು ಮಳೆಗಾಲದ ಹೋಲಿಕೆ

ಕಳೆದ ಮಳೆಗಾಲದಲ್ಲಿ, ಜೂನ್ ಮೊದಲ ವಾರದಿಂದ ಆಗಸ್ಟ್ ಕೊನೆಯವರೆಗೆ, ಮಡಿಕೇರಿಯ ನಮ್ಮ ಬಾಡಿಗೆ ಮನೆಯಲ್ಲಿ ವಾರ ಬಿಟ್ಟು ವಾರ ಎರಡು ಬಗೆಯ ಅಡುಗೆ ನಡೆಯಿತು. ಒಂದು ವಾರ ಪೇಟೆಯ ಅಂಗಡಿಯ ಸಾಮಾನು, ಅಂದರೆ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿನ ಕಡೆಯಿಂದ ಲಾರಿಯಲ್ಲಿ ಗುಡ್ಡ ಹತ್ತಿ ಬರುವ ತರಕಾರಿ, ಪ್ಯಾಕೆಟ್ ಅಕ್ಕಿ ಮತ್ತು ಹುಣಸೆಹಣ್ಣು. ಮರುವಾರ ಶುಕ್ರವಾರದ ಸಂತೆಯಲ್ಲಿ ಸುತ್ತಲಿನ ಹಳ್ಳಿಯವರು ಗೋಣಿಯ ಮೇಲೆ ಹರಡಿಕೊಂಡು ಮಾರುವ ಸೊಪ್ಪು ತರಕಾರಿ, ಜೊತೆಗೆ ನಾಪೋಕ್ಲು ಕಡೆಯ ಅತ್ತೆಯವರ ಊರಿನಿಂದ ಬರುವ ಅಕ್ಕಿ ಮತ್ತು ಕರಿಮೆಣಸು. ಎಣ್ಣೆ, ಉಪ್ಪು, ಬೇಳೆ, ಈರುಳ್ಳಿ ಎರಡೂ ವಾರಗಳಲ್ಲಿ ಹೊರಗಿನವೇ ಆಗಿದ್ದವು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಕುಳಿತು ಸ್ಥಳೀಯ ಈರುಳ್ಳಿಯೇ ಬೇಕೆನ್ನುವುದು ಹಟವಾದೀತು.

ಹೆಚ್ಚಿನ ವ್ಯತ್ಯಾಸ ಕಂಡದ್ದು ಹುಳಿಯಲ್ಲಿ. ಮೊದಲ ಸ್ಥಳೀಯ ವಾರದಲ್ಲಿ ನಾನು ಊರಿನ ಟೊಮೆಟೊ ಹುಡುಕಿಕೊಂಡು ಸಂತೆಯನ್ನು ಎರಡು ಸುತ್ತು ಹಾಕಿದೆ. ಸಿಕ್ಕಿದ್ದು ನೀರು ಕುಡಿದು ಒಡೆದ ನಾಲ್ಕೇ ಹಣ್ಣು. ಅತ್ತೆ ಫೋನಿನಲ್ಲಿ ನಕ್ಕು, "ಟೊಮೆಟೊ ಬರುವ ಮೊದಲೂ ನಾವು ಸಾರು ಉಣ್ಣುತ್ತಿದ್ದೆವಲ್ಲ ಮಗಳೇ" ಎಂದರು. ಹೊರಗಿನ ತರಕಾರಿಗೆ ಊರಿನ ಬದಲಿಯನ್ನು ಹುಡುಕುವ ಬದಲು ಆ ತರಕಾರಿ ಬೇಡದ ಅಡುಗೆಯನ್ನೇ ಮಾಡಬೇಕು ಎಂಬುದು ನನಗೆ ಹೊಳೆದದ್ದು ಆಗ.

ಹಾಗಾಗಿ ಒಂದೇ ಪಂದಿ ಕರಿಯನ್ನು, ಅಂದರೆ ಕೊಡಗಿನ ಹಂದಿ ಮಾಂಸದ ಸಾರನ್ನು, ಬೇರೆ ಬೇರೆ ವಾರಗಳಲ್ಲಿ ಮೂರು ಹುಳಿಯಲ್ಲಿ ಮಾಡಿ ನೋಡಿದೆ. ಮಾಂಸ ಒಂದೊಂದು ಕಿಲೋ. ಕರಿಮೆಣಸು, ಕೊತ್ತಂಬರಿ, ಜೀರಿಗೆ, ಸಾಸಿವೆಯನ್ನು ಕಪ್ಪಗಾಗುವಂತೆ ಹುರಿದ ಮಸಾಲೆಯ ಅಳತೆಯೂ ಒಂದೇ. ಟೊಮೆಟೊ ಹಾಕಿದ್ದು ಕೆಂಪಗೆ, ಸ್ವಲ್ಪ ಸಿಹಿಯಾಗಿ, ಯಾವ ಊರಿನ ಹೋಟೆಲಿನಲ್ಲಾದರೂ ಸಿಗುವಂತಿತ್ತು. ಹುಣಸೆಯದು ಮೊದಲ ದಿನ ಚೆನ್ನಾಗಿಯೇ ಇತ್ತು, ಆದರೆ ಅದರ ರಸ ಮೆಣಸಿನ ಖಾರವನ್ನು ಮುಚ್ಚಿಬಿಟ್ಟಿತು. ಕಾಚಂಪುಳಿಯದು, ಅಂದರೆ ಹುಳಿಹಣ್ಣಿನ ರಸವನ್ನು ಕಾಯಿಸಿ ಇಳಿಸಿದ ಕೊಡಗಿನ ಕಪ್ಪು ಹುಳಿ ಹಾಕಿದ್ದು, ಮಾಂಸಕ್ಕೆ ಅಂಟಿಕೊಂಡು ಕಪ್ಪಾಯಿತು. ಹುಳಿ ನಾಲಿಗೆಯ ತುದಿಗೆ ತಾಗಿ ಸರಿಯುತ್ತಿದ್ದಂತೆ ಹಿಂದಿನಿಂದ ಮೆಣಸು ಬಂತು, ಮತ್ತು ಮರುದಿನ ರುಚಿ ಇನ್ನೂ ಹೆಚ್ಚಿತು.

ಎಲ್ಲ ಕಾಚಂಪುಳಿಯೂ ಒಂದೇ ಅಲ್ಲ ಎಂಬುದನ್ನು ಮಾತ್ರ ದುಡ್ಡು ಕೊಟ್ಟು ಕಲಿತೆ. ಪ್ರವಾಸಿಗರ ವಾಹನಗಳು ಸಾಲಾಗಿ ನಿಲ್ಲುವ ಮಸಾಲೆ ಅಂಗಡಿಯೊಂದರಲ್ಲಿ ಕೊಂಡ ಬಾಟಲಿಯನ್ನು ಓರೆ ಮಾಡಿದರೆ ದ್ರವ ಚಹಾದಂತೆ ಹರಿಯಿತು, ಮೂಗಿಗೆ ವಿನೆಗರ್ ವಾಸನೆ ಬಡಿಯಿತು. ಊರಿನಲ್ಲಿ ಮಾಗಿದ ಹಣ್ಣುಗಳನ್ನು ಬುಟ್ಟಿಯಲ್ಲಿ ಕೊಳೆಯಲು ಬಿಟ್ಟು, ಕೆಳಗಿಟ್ಟ ಪಾತ್ರೆಗೆ ತೊಟ್ಟಿಕ್ಕಿದ ರಸವನ್ನು ಕಾಯಿಸಿ ಕಾಯಿಸಿ ಇಳಿಸಿದ್ದು ಹಾಗಲ್ಲ. ಅದು ಬೆಲ್ಲದ ಪಾಕದಂತೆ ಗಟ್ಟಿ, ಚಮಚದಿಂದ ಬೀಳಲು ಹಿಂಜರಿಯುತ್ತದೆ. ಅಂಗಡಿಯದನ್ನು ಮೂರು ಚಮಚ ಸುರಿದರೂ ಸಾಲದಿದ್ದ ಕಡೆ ಊರಿನದು ಒಂದು ಚಮಚ ಹೆಚ್ಚಾಯಿತು, ನನ್ನ ಮೊದಲ ಕರಿಯನ್ನು ಮಕ್ಕಳು ಮುಟ್ಟಲಿಲ್ಲ. ಒಲೆಯಿಂದ ಇಳಿಸುವ ಸ್ವಲ್ಪ ಮುಂಚೆ ಅರ್ಧ ಚಮಚ ಹಾಕಿ, ರುಚಿ ನೋಡಿ ಮುಂದುವರಿಯುವುದು ಈಗಿನ ಕ್ರಮ.

ಅಕ್ಕಿಯ ವಿಷಯದಲ್ಲಿ ತೀರ್ಪು ಇಷ್ಟು ಸುಲಭವಾಗಿರಲಿಲ್ಲ. ಕಡಂಬುಟ್ಟಿಗೆ, ಅಂದರೆ ಹಬೆಯಲ್ಲಿ ಬೇಯಿಸುವ ಅಕ್ಕಿ ತರಿಯ ಉಂಡೆಗೆ, ಪ್ಯಾಕೆಟ್ ತರಿ ತಂದರೆ ಅರ್ಧ ಗಂಟೆಯಲ್ಲಿ ಉಂಡೆಗಳು ಹಬೆಗೆ ಏರುತ್ತವೆ. ಊರಿನ ಅತಿರ ತಳಿಯ ಅಕ್ಕಿಯಾದರೆ ತೊಳೆದು, ಬಸಿದು, ಬಟ್ಟೆಯ ಮೇಲೆ ಹರಡಿ ಆರಿಸಿ, ಆಮೇಲೆ ತರಿಯಾಗಿ ಒಡೆಯಬೇಕು. ಜುಲೈ ತಿಂಗಳ ಮಡಿಕೇರಿಯಲ್ಲಿ ಅದು ಆರುವುದೇ ಇಲ್ಲ, ನಾನು ಒಲೆಯ ಪಕ್ಕದ ಕಟ್ಟೆಯ ಮೇಲೆ ರಾತ್ರಿಯಿಡೀ ಇಟ್ಟಿದ್ದೇನೆ. ಬಿಸಿಯಾಗಿ ತಿನ್ನುವಾಗ ಎರಡಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಮಾರನೆಯ ಬೆಳಿಗ್ಗೆ ಪ್ಯಾಕೆಟ್ ತರಿಯ ಉಂಡೆ ಬಿರುಕು ಬಿಟ್ಟು ಗಡುಸಾಗಿತ್ತು; ಮನೆಯ ತರಿಯಲ್ಲಿ ಕಾಳಿನ ಜೊತೆ ಉಳಿದ ನುಣ್ಣನೆಯ ಹಿಟ್ಟು ಅಂಟಿನಂತೆ ಹಿಡಿದದ್ದರಿಂದ ಉಂಡೆ ಮೆತ್ತಗೇ ಇತ್ತು. ದಿನದ ಅನ್ನಕ್ಕೆ ಮಾತ್ರ ಮನೆಯವರೆಲ್ಲ ಪ್ಯಾಕೆಟ್ ಸೋನಾ ಮಸೂರಿಯ ಪರವಾಗಿ ನಿಂತರು, ನನ್ನ ವಾದ ನಡೆಯಲಿಲ್ಲ.

ತರಕಾರಿಯಲ್ಲಿ ಅಂಗಡಿಯ ಬೀನ್ಸ್, ಕ್ಯಾರೆಟ್, ಎಲೆಕೋಸು ಸಮಯ ಉಳಿಸಿದವು. ಅವುಗಳ ಬಗ್ಗೆ ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಸಂತೆಯ ಕೆಸುವಿನ ಎಲೆಯನ್ನು ಹುಳಿ ಕಡಿಮೆ ಹಾಕಿ ಬೇಯಿಸಿದ ದಿನ ಗಂಟಲು ತುರಿಸಿತು. ಕಳಲೆಯನ್ನು, ಅಂದರೆ ಎಳೆ ಬಿದಿರಿನ ಮೊಳಕೆಯನ್ನು, ಸಣ್ಣಗೆ ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತಾ ಮೂರು ದಿನ ನೆನೆಸುವುದನ್ನು ಬಿಟ್ಟು ನಾನು ಎರಡನೆಯ ದಿನವೇ ಆತುರಪಟ್ಟೆ, ಕಹಿ ಹೋಗಿರದ ಆ ಪಾತ್ರೆಯನ್ನು ಹಾಗೆಯೇ ಚೆಲ್ಲಬೇಕಾಯಿತು. ಕೊಡವ ಪಂಚಾಂಗದ ಕಕ್ಕಡ ತಿಂಗಳ ಹದಿನೆಂಟರಂದು, ಆಗಸ್ಟ್ 3ಕ್ಕೆ, ಮದ್ದು ಸೊಪ್ಪು ಎಂಬ ಔಷಧಿ ಗಿಡದ ರಸದಲ್ಲಿ ಅಕ್ಕಿ ಬೇಯಿಸಿ, ಬೆಲ್ಲ ಮತ್ತು ತೆಂಗಿನ ಹಾಲು ಸೇರಿಸಿದ ನೇರಳೆ ಬಣ್ಣದ ಪಾಯಸಕ್ಕೆ ಮಾತ್ರ ಅಂಗಡಿಯ ಸಾಲಿನಲ್ಲಿ ಎದುರಾಳಿಯೇ ಇರಲಿಲ್ಲ.

ಖರ್ಚಿನಲ್ಲಿ ಎರಡು ಬಗೆಯ ವಾರಗಳೂ ಹೆಚ್ಚು ಕಡಿಮೆ ಸಮವಾಗಿದ್ದವು, ಊರಿನ ಅಕ್ಕಿಗೆ ಅತ್ತೆ ದುಡ್ಡು ತೆಗೆದುಕೊಳ್ಳಲಿಲ್ಲ ಎಂಬುದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ. ಸ್ಥಳೀಯ ವಾರದಲ್ಲಿ ದಿನಕ್ಕೆ ಮುಕ್ಕಾಲು ಗಂಟೆ ಹೆಚ್ಚು ಅಡುಗೆಮನೆಯಲ್ಲಿ ಕಳೆಯಿತು, ಅದರಲ್ಲಿ ಬಹುಪಾಲು ಸೊಪ್ಪಿನ ಮಣ್ಣು ತೊಳೆಯುವುದಕ್ಕೆ. ಕೆಲಸಕ್ಕೆ ಹೋಗುವವರಿಗೆ ಇದು ಸಣ್ಣ ಮಾತಲ್ಲ. ನಾವು ಈಗ ವಾರದ ದಿನಗಳಲ್ಲಿ ಪ್ಯಾಕೆಟ್ ಅಕ್ಕಿ ಮತ್ತು ಬೀನ್ಸ್ ಪಲ್ಯಕ್ಕೆ ಮರಳಿದ್ದೇವೆ. ಸಂತೆಯ ಚೀಲವನ್ನು ಬಿಚ್ಚುವುದು ಶನಿವಾರ, ಕಡಂಬುಟ್ಟು ಭಾನುವಾರ. ಅಂಗಡಿಯ ವಿನೆಗರ್ ಬಾಟಲಿ ಸಿಂಕ್ ಉಜ್ಜಲು ಬಳಕೆಯಾಗಿ ಮುಗಿಯಿತು. ಅತ್ತೆ ಕೊಟ್ಟ ಕಾಚಂಪುಳಿಯ ಬಾಟಲಿ ಮೂರು ತಿಂಗಳ ಮೇಲೂ ಕತ್ತಿನಿಂದ ಎರಡು ಬೆರಳಷ್ಟೇ ಕೆಳಗಿಳಿದಿದೆ.