ಒಂದೇ ತೊಟ್ಟಿಯೋ, ಎರಡೋ? ಮನೆಯ ಒಣ ಕಸ ಒಯ್ಯುವ ಸೇವೆಯ ವಿಮರ್ಶೆ

ಸ್ಥಳೀಯ ಸಂಸ್ಥೆಗಳು ಮನೆಗಳಿಂದ ಒಣ ಕಸ ಒಯ್ಯುವ ಕ್ರಮದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಕಾಗದ, ಗಾಜು, ಪ್ಲಾಸ್ಟಿಕ್, ಲೋಹ ಎಲ್ಲವೂ ಒಂದೇ ತೊಟ್ಟಿಗೆ. ಇನ್ನೊಂದರಲ್ಲಿ ಕಾಗದ ಮತ್ತು ರಟ್ಟಿಗೆ ಒಂದು, ಬಾಟಲಿ-ಡಬ್ಬಿಗಳಿಗೆ ಇನ್ನೊಂದು. ನಮ್ಮ ಅಂಕ ಎರಡನೆಯದಕ್ಕೇ.

ಕಾರಣ ಗಾಜು. ಗಾಡಿಯೊಳಗೆ ಕಸ ಅದುಮುವಾಗ ಗಾಜು ಪುಡಿಯಾಗಿ ಕಾಗದದೊಳಗೆ ಸಿಕ್ಕಿಕೊಳ್ಳುತ್ತದೆ. ಆ ಚೂರುಗಳನ್ನು ಪೂರ್ತಿ ತೆಗೆಯಲು ಆಗುವುದಿಲ್ಲ, ಕಾಗದದ ಗಿರಣಿಯ ಯಂತ್ರಗಳು ಅದರಿಂದಲೇ ಸವೆಯುತ್ತವೆ. ಬಾಟಲಿಯಲ್ಲಿ ಉಳಿದ ದ್ರವ ಸೋರಿದರೆ ರಟ್ಟು ನೆನೆದು ಹಾಳು. ಒಂದೇ ತೊಟ್ಟಿ ಇಡಲು ಜಾಗ ಕಡಿಮೆ ಸಾಕು, ಗೊಂದಲವೂ ಕಡಿಮೆ ಎಂಬುದು ನಿಜ. ಆದರೆ ಮನೆಯಲ್ಲಿ ಉಳಿತಾಯವಾದ ಶ್ರಮ ವಿಂಗಡಣೆ ಘಟಕದವರ ತಲೆಗೆ ಬೀಳುತ್ತದೆ.

ನಿಮ್ಮಲ್ಲಿ ಒಂದೇ ತೊಟ್ಟಿಯ ಸೇವೆ ಇದ್ದರೆ ಬಾಟಲಿಗಳನ್ನು ಚಪ್ಪಟೆ ಮಾಡಬೇಡಿ. ಘಟಕದ ಯಂತ್ರ ಚಪ್ಪಟೆಯಾದದ್ದನ್ನು ಕಾಗದವೆಂದು, ಉಬ್ಬಿದ್ದನ್ನು ಡಬ್ಬಿಯೆಂದು ಬೇರ್ಪಡಿಸುತ್ತದೆ. ಹೀಗಾಗಿ ತುಳಿದ ಬಾಟಲಿ ಕಾಗದದ ರಾಶಿ ಸೇರುತ್ತದೆ. ಎರಡು ತೊಟ್ಟಿಯ ಸೇವೆಯಲ್ಲಿ ಈ ತೊಂದರೆ ಇಲ್ಲ, ಚಪ್ಪಟೆ ಮಾಡಿದರೆ ಜಾಗ ಉಳಿಯುತ್ತದೆ. ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ಬಿಡಿಯಾಗಿ ಹಾಕದೆ ಬಾಟಲಿಗೇ ತಿರುಗಿಸಿ. ಸುಮಾರು 5 ಸೆಂ.ಮೀ.ಗಿಂತ ಸಣ್ಣ ವಸ್ತುಗಳು ಜರಡಿಯಿಂದ ಕೆಳಗೆ ಉದುರಿ ವ್ಯರ್ಥವಾಗುತ್ತವೆ. ಅಲ್ಯೂಮಿನಿಯಂ ಹಾಳೆಯನ್ನೂ ಮುಷ್ಟಿ ಗಾತ್ರದ ಉಂಡೆ ಮಾಡಿಯೇ ಹಾಕಬೇಕು. ಹಳೆಯ ಅಲ್ಯೂಮಿನಿಯಂ ಕರಗಿಸಿದರೆ, ಅದಿರಿನಿಂದ ಹೊಸದು ಮಾಡಲು ಬೇಕಾಗುವ ಶಕ್ತಿಯಲ್ಲಿ ಸುಮಾರು 95% ಉಳಿತಾಯ. ಬಿಸಾಡುವಂಥ ಲೋಹವಲ್ಲ ಅದು.

ಒಣ ಕಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹಾಕುವುದು ದೊಡ್ಡ ತಪ್ಪು. ಚೀಲಗಳು ಜರಡಿಯ ತಿರುಗುವ ದಂಡಗಳಿಗೆ ಸುತ್ತಿಕೊಂಡರೆ ಕೆಲಸ ನಿಲ್ಲಿಸಿ, ಕಾರ್ಮಿಕರು ಒಳಗಿಳಿದು ಚಾಕುವಿನಿಂದ ಕತ್ತರಿಸಬೇಕಾಗುತ್ತದೆ. ನಿಮ್ಮ ಕೈಚೀಲವನ್ನು ಬಿಡಿಸಲು ಇನ್ನೊಬ್ಬರು ಯಂತ್ರದೊಳಗೆ ಇಳಿಯಬಾರದು.

ಸೇವೆಯ ಕರಪತ್ರ ಪ್ಲಾಸ್ಟಿಕ್ ವಸ್ತುವಿನ ಮೇಲಿನ ತ್ರಿಕೋನದ ಅಂಕೆ ನೋಡಿ ಹಾಕಿ ಎಂದಷ್ಟೇ ಹೇಳಿದರೆ ನಾವು ಅಂಕ ಕಡಿತ ಮಾಡುತ್ತೇವೆ. 1ರಿಂದ 7ರವರೆಗಿನ ಆ ಅಂಕೆ ಪ್ಲಾಸ್ಟಿಕ್ ಯಾವ ಬಗೆಯದೆಂದು ಹೇಳುತ್ತದೆಯೇ ಹೊರತು ಮರುಬಳಕೆ ಆಗುತ್ತದೆಂದಲ್ಲ. 1 ಮತ್ತು 2ರ ಬಾಟಲಿಗಳಿಗೆ ಕೊಳ್ಳುವವರಿದ್ದಾರೆ. 3 ಮತ್ತು 6ಕ್ಕೆ ಬಹುತೇಕ ಇಲ್ಲ. ಕಪ್ಪು ಪ್ಲಾಸ್ಟಿಕ್ ತಟ್ಟೆಗಳಲ್ಲಿನ ಇಂಗಾಲದ ಬಣ್ಣ, ವಿಂಗಡಿಸುವ ಯಂತ್ರ ಬಳಸುವ ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನು ಹೀರಿಕೊಳ್ಳುವುದರಿಂದ ಯಂತ್ರದ ಕಣ್ಣಿಗೆ ಅವು ಕಾಣುವುದೇ ಇಲ್ಲ. ಬಾಟಲಿ, ಜಾಡಿ, ಡಬ್ಬಿ ಎಂದು ಆಕಾರ ಹೆಸರಿಸಿ, ಚಿತ್ರ ಹಾಕಿದ ಕರಪತ್ರವೇ ಕೆಲಸಕ್ಕೆ ಬರುವುದು. ಶಾಖ ತಡೆಯುವ ಗಾಜಿನ ಪಾತ್ರೆ, ಪಿಂಗಾಣಿ ಬೇಡ ಎಂದೂ ಅದರಲ್ಲಿರಬೇಕು. ಬಾಟಲಿ ಗಾಜಿನೊಂದಿಗೆ ಅವು ಸರಿಯಾಗಿ ಕರಗುವುದಿಲ್ಲ.

ಬಾಟಲಿ, ಡಬ್ಬಿ ತೊಳೆಯಲು ಸೋಪು ಬೇಡ. ಪಾತ್ರೆ ತೊಳೆದ ನೀರಿನಲ್ಲಿ ಒಮ್ಮೆ ಕುಲುಕಿ ಚೆಲ್ಲಿದರೆ ಸಾಕು. ಚೀಟಿ ಕೀಳಬೇಕಿಲ್ಲ.

ಹಸಿ ಕಸವನ್ನು ಎರಡು ವಾರಕ್ಕೊಮ್ಮೆ ಒಯ್ಯುವ ಸೇವೆ ನಮಗೆ ಒಪ್ಪಿಗೆಯಿಲ್ಲ. ವಾಸನೆ, ಹುಳು ತಾಳಲಾರದೆ ಜನ ಅದನ್ನು ಇತರ ಕಸದಲ್ಲೇ ತುರುಕುತ್ತಾರೆ, ಕೊನೆಗೆ ಅದು ಹೂಳುವ ಜಾಗ ಸೇರಿ ಮೀಥೇನ್ ಬಿಡುತ್ತದೆ. ‘ಗೊಬ್ಬರವಾಗುವ’ ಚೀಲಗಳನ್ನು ಬಳಸುವ ಮುನ್ನ ಘಟಕದವರನ್ನು ಕೇಳಿ. ಅಂಥ ಹಲವು ಚೀಲಗಳು ಕೊಳೆತು ಗೊಬ್ಬರವಾಗಲು ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಹಿತ್ತಲ ಗುಂಡಿಯಲ್ಲಿ ಅಷ್ಟು ಬಿಸಿ ನಿಲ್ಲುವುದು ಅಪರೂಪ.

ಬ್ಯಾಟರಿ ವಿಚಾರದಲ್ಲಿ ಮಾತ್ರ ನಮ್ಮದು ಕಟ್ಟುನಿಟ್ಟು. ಲಿಥಿಯಂ ಬ್ಯಾಟರಿ ಗಾಡಿಯಲ್ಲಿ ಜಜ್ಜಿದರೆ ಬೆಂಕಿ ಹತ್ತುತ್ತದೆ, ಸುತ್ತ ಇರುವುದೆಲ್ಲ ಒಣ ಕಾಗದ. ಆಟಿಕೆ, ವಿದ್ಯುತ್ ಹಲ್ಲುಜ್ಜುವ ಬ್ರಷ್, ಇಯರ್‌ಫೋನ್‌ಗಳಲ್ಲೂ ಅದು ಅಡಗಿರುತ್ತದೆ. ಪ್ರತ್ಯೇಕವಾಗಿ ಒಯ್ಯುವ ಅಥವಾ ಒಪ್ಪಿಸುವ ಏರ್ಪಾಡಿಲ್ಲದ ಸೇವೆಗೆ, ಉಳಿದೆಲ್ಲ ಚೆನ್ನಾಗಿದ್ದರೂ, ಪೂರ್ಣ ಅಂಕ ಕೊಡಲಾರೆವು. ಬ್ಯಾಟರಿಯ ಎರಡೂ ತುದಿಗೆ ಟೇಪ್ ಅಂಟಿಸಿ, ಒಪ್ಪಿಸುವವರೆಗೆ ಬೇರೆ ಡಬ್ಬಿಯಲ್ಲಿಡಿ.

ತಪ್ಪು ಕಸ ಕಂಡಾಗ ತೊಟ್ಟಿಯನ್ನು ಸುಮ್ಮನೆ ಬಿಟ್ಟು ಹೋಗುವ ಗಾಡಿಗಿಂತ, ಏನು ತಪ್ಪಿತ್ತೆಂದು ಚೀಟಿ ಅಂಟಿಸಿ ಹೋಗುವ ಗಾಡಿ ಎಷ್ಟೋ ಮೇಲು. ಮುಂದಿನ ವಾರ ಮನೆಯವರು ಏನು ಬದಲಿಸಬೇಕೆಂದು ಅದರಿಂದಲೇ ತಿಳಿಯುವುದು.