ಶಾಲೆಯ ಅಂಗಳ, ಬಡಾವಣೆಯ ಡೋಜೋ, ಹೊಡೆದಾಡಿಸುವ ತರಗತಿ: ಮಕ್ಕಳ ಕರಾಟೆಗೆ ಯಾವುದು ಸರಿ?

ಮಗುವನ್ನು ಕರಾಟೆಗೆ ಸೇರಿಸಬೇಕೆಂದು ಮನಸ್ಸು ಮಾಡಿದವರಿಗೆ ಮೈಸೂರಿನಂತಹ ಊರಿನಲ್ಲಿ ಮೂರು ದಾರಿಗಳು ಕಾಣುತ್ತವೆ. ಮೊದಲನೆಯದು, ಶಾಲೆ ಬಿಟ್ಟ ಮೇಲೆ ಅದೇ ಅಂಗಳದಲ್ಲಿ ನಡೆಯುವ ತರಗತಿ. ಎರಡನೆಯದು, ಸಮುದಾಯ ಭವನದಲ್ಲೋ ಯಾರದೋ ಮನೆಯ ಮಹಡಿಯ ಮೇಲೋ ವರ್ಷಗಳಿಂದ ನಡೆದುಬಂದಿರುವ, ಶೋಟೋಕಾನ್ ಎಂಬ ಶೈಲಿಯನ್ನು ಕಲಿಸುವ ಡೋಜೋ, ಅಂದರೆ ಕರಾಟೆಯ ಅಭ್ಯಾಸಶಾಲೆ. ಮೂರನೆಯದು, ಕ್ಯೋಕುಶಿನ್ ಎಂಬ ಇನ್ನೊಂದು ಶೈಲಿಯ, ನಿಜವಾಗಿ ಹೊಡೆದು ಹೊಡೆಸಿಕೊಳ್ಳುವ ತರಗತಿ. ನನ್ನ ಮಗಳಿಗೆ ಈಗ ಹನ್ನೊಂದು ವರ್ಷ, ಮಗನಿಗೆ ಏಳು. ಮಗಳು ಮೂರನ್ನೂ ಕಂಡಿದ್ದಾಳೆ, ಮಗ ಇನ್ನೂ ಮೊದಲನೆಯದರಲ್ಲಿದ್ದಾನೆ. ಅವರ ಹಿಂದೆ ಅಲೆದಾಡಿದ ನನಗೆ ಈ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ಸಿಕ್ಕಿತು. ಒಂದು ಬೆಲ್ಟಿನಿಂದ ಮುಂದಿನ ಬೆಲ್ಟಿಗೆ ಹೋಗುವಷ್ಟರಲ್ಲಿ ಮಗುವಿನ ತಪ್ಪನ್ನು ಯಾರಾದರೂ ಕಣ್ಣಿಟ್ಟು ನೋಡಿ ತಿದ್ದಿದರೇ ಎಂಬುದೇ ನನ್ನ ಅಳತೆಗೋಲು.

ಶಾಲೆಯ ತರಗತಿಯನ್ನು ಹಗುರವಾಗಿ ಕಾಣುವವರಿದ್ದಾರೆ. ನಾನು ಹಾಗೆ ಕಾಣುವುದಿಲ್ಲ. ಕರಾಟೆ ಇಂದಿನ ರೂಪಕ್ಕೆ ಬಂದದ್ದೇ ಶಾಲೆಯ ಮೂಲಕ. ಜಪಾನಿನ ಒಕಿನಾವಾ ದ್ವೀಪದಲ್ಲಿ ಗುಟ್ಟಾಗಿ, ಒಬ್ಬಿಬ್ಬರಿಗಷ್ಟೇ ಹೇಳಿಕೊಡುತ್ತಿದ್ದ ವಿದ್ಯೆಯನ್ನು ಅಲ್ಲಿನ ಗುರು ಅಂಕೋ ಇತೊಸು 1901ರ ಹೊತ್ತಿಗೆ ಅಲ್ಲಿನ ಶಾಲೆಗೆ ತಂದರು. ಹಳೆಯ ಕಟಾಗಳು, ಅಂದರೆ ಒಬ್ಬರೇ ಕ್ರಮವಾಗಿ ಮಾಡುವ ಚಲನೆಗಳ ಸರಣಿಗಳು, ಮಕ್ಕಳಿಗೆ ಕಷ್ಟವೆಂದು ಪಿನಾನ್ ಎಂಬ ಐದು ಕಟಾಗಳನ್ನು ರೂಪಿಸಿದರು. ಮುಂದೆ ಶೋಟೋಕಾನ್ ಶೈಲಿಯ ಮೂಲಪುರುಷ ಗಿಚಿನ್ ಫುನಕೋಶಿ ಅವನ್ನೇ ಹೇಯಾನ್ ಎಂದು ಕರೆದರು. ಇವತ್ತು ನಮ್ಮ ಮಕ್ಕಳು ಕಲಿಯುವುದು ಅವನ್ನೇ. ಹಾಗಾಗಿ ಸಾಲಾಗಿ ನಿಂತು ‘ಇಚಿ, ನಿ, ಸಾನ್, ಶಿ’ ಎಂದು ಎಣಿಸುತ್ತಾ ಐವತ್ತು ಮಕ್ಕಳು ಒಟ್ಟಿಗೆ ಗುದ್ದುವುದರಲ್ಲಿ ಅಪಚಾರವೇನೂ ಇಲ್ಲ.

ನನ್ನ ಮಗನಿಗೆ ಅದರಿಂದ ನಿಜವಾದ ಉಪಕಾರವಾಗಿದೆ. ತರಗತಿಯಲ್ಲಿ ಹಾಜರಿ ಕೂಗಿದಾಗಲೂ ತುಟಿ ಬಿಚ್ಚದ ಹುಡುಗ ಈಗ ಏಟಿನ ಜೊತೆಗೆ ಹಾಕುವ ಗಟ್ಟಿ ಕೂಗಾದ ಕಿಯಾಯ್‌ಯನ್ನು ಹೊಟ್ಟೆಯಿಂದ ಕೂಗುತ್ತಾನೆ. ಸಾಲಿನಲ್ಲಿ ತನ್ನ ಸರದಿಗೆ ಕಾಯುತ್ತಾನೆ, ಎಡಬಲ ತಪ್ಪದೆ ತಿರುಗುತ್ತಾನೆ. ತಿಂಗಳಿಗೆ ಏಳುನೂರು ರೂಪಾಯಿ ಶುಲ್ಕ, ಬೇರೆ ಓಡಾಟವಿಲ್ಲ, ಶಾಲೆಯ ವ್ಯಾನಿನ ಎರಡನೆಯ ಸುತ್ತಿನಲ್ಲಿ ಮನೆಗೆ ಬರುತ್ತಾನೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಇಲ್ಲಿನ ತೊಡಕು ಗ್ರೇಡಿಂಗ್, ಅಂದರೆ ಮುಂದಿನ ಬೆಲ್ಟಿನ ಪರೀಕ್ಷೆ. ಮೂರು ತಿಂಗಳಿಗೊಮ್ಮೆ ಬೆಲ್ಟ್ ಪರೀಕ್ಷೆ ನಡೆಯುತ್ತದೆ. ಅದರ ಶುಲ್ಕ ಎರಡು ತಿಂಗಳ ಕಲಿಕೆಯ ಶುಲ್ಕಕ್ಕಿಂತ ಹೆಚ್ಚು. ಪ್ರಮಾಣಪತ್ರ, ಬೆಲ್ಟ್, ಫೋಟೋ ಎಲ್ಲವೂ ಅದರಲ್ಲೇ ಸೇರಿರುತ್ತವೆ. ನಾನು ಕಂಡಂತೆ ಅದರಲ್ಲಿ ಯಾರೂ ಪಾಸಾಗದೆ ಹಳೆಯ ಬೆಲ್ಟಿನಲ್ಲೇ ಉಳಿದುಕೊಂಡದ್ದಿಲ್ಲ. ಮಗಳು ಹಿಂದೆ ಕಲಿತ ಶಾಲಾ ತರಗತಿಯಲ್ಲಿ ಆ ಐದರಲ್ಲಿ ಮೊದಲನೆಯದಾದ ಹೇಯಾನ್ ಶೋದಾನ್ ಕಟಾ ಅರ್ಧಕ್ಕೆ ಬಂದಿದ್ದಾಗಲೇ ಅವಳ ಸೊಂಟಕ್ಕೆ ಕಿತ್ತಳೆ ಬೆಲ್ಟ್ ಬಂದಿತ್ತು. ‘ಇವಳು ಯಾವುದನ್ನು ತಿದ್ದಿಕೊಳ್ಳಬೇಕು, ಸರ್?’ ಎಂದು ಮಾಸ್ಟರನ್ನು ಕೇಳಿದೆ. ಅವರಿಗೆ ಅವಳು ಯಾವ ಸಾಲಿನಲ್ಲಿ ನಿಲ್ಲುತ್ತಾಳೆಂಬುದೇ ನೆನಪಿರಲಿಲ್ಲ. ಅವರದು ಉಡಾಫೆಯಲ್ಲ. ಒಬ್ಬ ಮನುಷ್ಯ ವಾರಕ್ಕೆ ನಾಲ್ಕಾರು ಶಾಲೆ ಸುತ್ತಿದರೆ ಯಾರನ್ನು ತಾನೇ ನೆನಪಿಟ್ಟುಕೊಳ್ಳಲು ಸಾಧ್ಯ? ಆದರೆ ಮಗುವಿನ ಕಲಿಕೆ ನಿಲ್ಲುವುದು ಸರಿಯಾಗಿ ಅಲ್ಲಿಯೇ.

ಡೋಜೋದ ವಿಷಯಕ್ಕೆ ಬರುತ್ತೇನೆ. ಹೇಳಬೇಕಾದದ್ದು ಹೆಚ್ಚು ಇರುವುದೂ ಅಲ್ಲೇ. ಮೊದಲ ಸಂಜೆ ಸೆನ್ಸೈ, ಅಂದರೆ ಅಲ್ಲಿನ ಗುರು, ಮಗಳ ಕಿತ್ತಳೆ ಬೆಲ್ಟನ್ನು ನೋಡಿ ಏನೂ ಅನ್ನಲಿಲ್ಲ. ‘ಹೇಯಾನ್ ಶೋದಾನ್ ಮಾಡಮ್ಮ’ ಎಂದು ಅವಳು ನಿಂತ ಜಾಗದಲ್ಲಿ ಸೀಮೆಸುಣ್ಣದಿಂದ ಒಂದು ಗುರುತು ಹಾಕಿದರು. 21 ಚಲನೆಗಳ ಕಟಾ ಅದು. ಎಡಕ್ಕೆ ತಿರುಗಿ ತಗ್ಗಿನ ತಡೆಯಿಂದ ಆರಂಭ, ನಡುವೆ ಎರಡು ಕಡೆ ಕಿಯಾಯ್, ಕೊನೆಗೆ ಹೊರಟ ಜಾಗಕ್ಕೇ ಬಂದು ನಿಲ್ಲಬೇಕು. ಉಳಿದ ಅರ್ಧವನ್ನು ಸೆನ್ಸೈ ಬಾಯಲ್ಲಿ ಹೇಳುತ್ತಾ ಹೋದರು. ಮಗಳು ಮುಗಿಸಿದಾಗ ಗುರುತು ಅವಳ ಎಡಕ್ಕೆ ಎರಡು ಹೆಜ್ಜೆ ದೂರದಲ್ಲಿತ್ತು. ಸೆನ್ಸೈ ಅವಳ ಹಿಂದೆ ಕುಳಿತು ಹಿಮ್ಮಡಿಯನ್ನು ಅಂಗೈಯಿಂದ ಒತ್ತಿ ತೋರಿಸಿದರು. ಜೆನ್‌ಕುತ್ಸು ದಾಚಿ ಎಂಬ ನಿಲುವಿನಲ್ಲಿ ಮುಂದಿನ ಮಂಡಿ ಬಾಗಿರಬೇಕು, ಹಿಂದಿನ ಕಾಲು ನೀಳವಾಗಿರಬೇಕು, ಹಿಂದಿನ ಹಿಮ್ಮಡಿ ನೆಲಕ್ಕೆ ಅಂಟಿರಬೇಕು, ಎರಡೂ ಪಾದಗಳ ನಡುವೆ ಸೊಂಟದಗಲ ಅಂತರವಿರಬೇಕು. ಇವಳ ಹಿಮ್ಮಡಿ ಪ್ರತಿ ಹೆಜ್ಜೆಗೂ ಮೇಲೇಳುತ್ತಿತ್ತು. ಹಾಗಾಗಿ ಒಂದು ಹೆಜ್ಜೆ ಉದ್ದ, ಇನ್ನೊಂದು ಮೋಟು. ಶಾಲೆಯಲ್ಲಿ ಅಷ್ಟು ಕಾಲ ಯಾರ ಕಣ್ಣಿಗೂ ಬೀಳದ ಸಂಗತಿ ಇಲ್ಲಿ ಕಾಲು ಗಂಟೆಯಲ್ಲಿ ಬಯಲಾಯಿತು.

ಅವಳನ್ನು ಆರಂಭದ ಬಿಳಿ ಬೆಲ್ಟಿನವರ ಸಾಲಿಗೆ ಸೇರಿಸಿದರು. ಸ್ಕೂಟರಿನ ಹಿಂದೆ ಕುಳಿತು ಮನೆಯವರೆಗೂ ಅತ್ತಳು. ‘ಅಪ್ಪಾ, ನನಗೆ ಬರುವುದನ್ನೇ ಮತ್ತೆ ಯಾಕೆ ಕಲಿಯಬೇಕು?’ ಎಂಬ ಪ್ರಶ್ನೆ ಬಹಳ ದಿನ ಇತ್ತು. ಬೆಲ್ಟನ್ನು ಮಕ್ಕಳು ಎಷ್ಟು ಹಚ್ಚಿಕೊಂಡಿರುತ್ತಾರೆಂಬುದು ಗೊತ್ತಿರುವ ತಂದೆತಾಯಿಯರು ಈ ಹಂತಕ್ಕೆ ಮೊದಲೇ ಸಿದ್ಧರಾಗಿರಬೇಕು. ಅವಳಿಗೆ ನಾನು ಒಂದು ಸಂಗತಿ ಹೇಳಿದೆ. ದರ್ಜೆಯ ಈ ಪದ್ಧತಿ ಕರಾಟೆಯಲ್ಲಿ ಹುಟ್ಟಿದ್ದಲ್ಲ, ಜೂಡೋದ ಜಿಗೊರೊ ಕಾನೋ ಅವರದು. ಫುನಕೋಶಿ ತಮ್ಮ ಶಿಷ್ಯರಿಗೆ ಮೊದಲ ಬಾರಿ ಕಪ್ಪು ಬೆಲ್ಟ್ ಕೊಟ್ಟದ್ದು 1924ರಲ್ಲಿ, ಅಂದರೆ ಒಕಿನಾವಾದ ಮಕ್ಕಳು ಪಿನಾನ್ ಕಲಿಯತೊಡಗಿ ಎಷ್ಟೋ ವರ್ಷಗಳಾದ ಮೇಲೆ. ಆ ಮಕ್ಕಳ ಸೊಂಟದಲ್ಲಿ ಯಾವ ಬಣ್ಣವೂ ಇರಲಿಲ್ಲ ಎಂದಾಗ ಅವಳ ಮುಖ ಸ್ವಲ್ಪ ತಿಳಿಯಾಯಿತು.

ಈ ಡೋಜೋದಲ್ಲಿ ಗ್ರೇಡಿಂಗ್ ವರ್ಷಕ್ಕೆ ಎರಡೇ ಸಲ. ಕಿಹೋನ್ (ಮೂಲ ಹೊಡೆತ, ತಡೆಗಳು), ಕಟಾ, ಕುಮಿಟೆ (ಎದುರಾಳಿಯೊಡನೆ ಆಡುವುದು) ಮೂರನ್ನೂ ಪರೀಕ್ಷಿಸುತ್ತಾರೆ. ಯಾರನ್ನಾದರೂ ಅದೇ ದರ್ಜೆಯಲ್ಲಿ ಉಳಿಸಿದರೆ ಕಾರಣವನ್ನು ಮಗುವಿಗೂ ಮನೆಯವರಿಗೂ ಎದುರಿಗೇ ಹೇಳುತ್ತಾರೆ. ನೋಡಿದವರಿಗೆ ಕಠಿಣವೆನಿಸಬಹುದು, ನನಗೆ ಅದು ಗೌರವವೆನಿಸಿತು. ಮಗುವನ್ನು ನಿಜವಾಗಿ ಗಮನಿಸಿದವರು ಮಾತ್ರ ಅದು ಯಾಕೆ ಉಳಿಯಿತೆಂದು ಹೇಳಬಲ್ಲರು.

ಕುಟುಂಬಕ್ಕೆ ದೊರೆತದ್ದೂ ಇಲ್ಲಿಯೇ. ಭಾನುವಾರ ಬೆಳಿಗ್ಗೆ ದೊಡ್ಡವರು ಚಿಕ್ಕವರು ಸೇರಿ ಒಂದೇ ತರಗತಿ ನಡೆಯುತ್ತದೆ. ನನ್ನ ಹೆಂಡತಿ ಬೆಂಚಿನ ಮೇಲೆ ಕಾದು ಕಾದು ಬೇಸತ್ತು ಒಂದು ದಿನ ತಾನೂ ಸೇರಿಕೊಂಡಳು. ಸಾಲು ನಿಲ್ಲುವುದು ವಯಸ್ಸಿನಿಂದಲ್ಲ, ದರ್ಜೆಯಿಂದ. ಹಾಗಾಗಿ ಮಗಳು ಮುಂದಿನ ಸಾಲಿನಲ್ಲಿ, ಅಮ್ಮ ಕೊನೆಯಲ್ಲಿ. ಅಮ್ಮನಿಗೆ ಹಿಕಿತೆ, ಅಂದರೆ ಕೈ ಹಿಂದಕ್ಕೆ ಸೆಳೆಯುವುದನ್ನು, ಹೇಳಿಕೊಡುವುದು ಮಗಳ ಪಾಲಿಗೆ ಬಂತು. ಗುದ್ದುವ ಕೈಯಷ್ಟೇ ರಭಸದಿಂದ ಇನ್ನೊಂದು ಕೈ ಸೊಂಟಕ್ಕೆ ಸೆಳೆಯಬೇಕು, ಮೊಣಕೈ ಹೊರಗೆ ಹಾರಬಾರದು ಎಂದು ಅಡುಗೆಮನೆಯಲ್ಲಿ ನಿಂತು ತಿದ್ದುತ್ತಾಳೆ. ತಾನು ಕಲಿತದ್ದನ್ನು ಇನ್ನೊಬ್ಬರಿಗೆ ಹೇಳಿಕೊಡುವಾಗ ಅವಳ ಕಟಾ ಸುಧಾರಿಸಿದಷ್ಟು ಯಾವ ವಿಶೇಷ ತರಗತಿಯಲ್ಲೂ ಸುಧಾರಿಸಲಿಲ್ಲ.

ಡೋಜೋದ ಕೊರತೆಯೆಂದರೆ ಎದುರಾಳಿಯೊಡನೆ ಆಡುವ ಭಾಗ ತೀರಾ ನಿಧಾನ. ಆರಂಭದಲ್ಲಿ ಗೊಹೊನ್ ಕುಮಿಟೆ: ಒಬ್ಬರು ಹೇಳಿ ಐದು ಹೆಜ್ಜೆ ಮುಂದೆ ಬಂದು ಗುದ್ದುತ್ತಾರೆ, ಇನ್ನೊಬ್ಬರು ಹಿಂದೆ ಸರಿಯುತ್ತಾ ತಡೆದು ಕೊನೆಗೆ ಒಂದು ಎದುರೇಟು ಕೊಡುತ್ತಾರೆ. ಸ್ವತಂತ್ರವಾಗಿ ಆಡಲು ಕಪ್ಪಿಗೆ ಮುಂಚಿನ ಕಂದು ಬೆಲ್ಟಿನ ಹತ್ತಿರ ಬರಬೇಕು. ಚುರುಕು ಮಕ್ಕಳಿಗೆ ಇದು ಬೇಸರ ತರಿಸುತ್ತದೆ, ನನ್ನ ಮಗಳಿಗೂ ತರಿಸಿತು.

ಆ ಬೇಸರವೇ ನಮ್ಮನ್ನು ಮೂರನೆಯ ದಾರಿಗೆ ಕರೆದೊಯ್ದದ್ದು. ಕ್ಯೋಕುಶಿನ್ ಶೈಲಿಯನ್ನು ಕಟ್ಟಿದವರು ಮಸುತತ್ಸು ಓಯಾಮಾ, ಅದರ ಅಂತರರಾಷ್ಟ್ರೀಯ ಸಂಘಟನೆ ಆರಂಭವಾದದ್ದು 1964ರಲ್ಲಿ. ಇಲ್ಲಿ ಹೊಡೆತವನ್ನು ಅರ್ಧಕ್ಕೆ ತಡೆಯುವುದಿಲ್ಲ. ಎದೆ ಹೊಟ್ಟೆಗೆ ಗುದ್ದಬಹುದು, ತೊಡೆಗೆ ಒದೆಯಬಹುದು, ತಲೆಗೂ ಒದೆಯಬಹುದು. ಮುಖಕ್ಕೆ ಕೈಯಿಂದ ಹೊಡೆಯುವಂತಿಲ್ಲ. ಮಕ್ಕಳಿಗೆ ಶಿರಸ್ತ್ರಾಣ, ಎದೆಕವಚ, ಮೊಣಕಾಲ ಕೆಳಗಿನ ಗಾರ್ಡ್, ಹಲ್ಲಿನ ಗಾರ್ಡ್ ಕಡ್ಡಾಯ. ಅವಕ್ಕೆ ಸುಮಾರು ನಾಲ್ಕು ಸಾವಿರ ರೂಪಾಯಿ ತಗಲಿತು. ಮಾಸಿಕ ಶುಲ್ಕವೂ ಮೂರರಲ್ಲಿ ಇಲ್ಲಿಯೇ ಹೆಚ್ಚು.

ಮಗಳು ತಾನು ಹೆದರುತ್ತಿದ್ದ ಒಂದನ್ನು ಇಲ್ಲಿ ಗೆದ್ದಳು. ಎದುರಿನಿಂದ ಏಟು ಬರುವಾಗ ಅವಳು ಕಣ್ಣು ಮುಚ್ಚುತ್ತಿದ್ದಳು. ಗಾರ್ಡಿನ ಮೇಲೆ ಒಂದಷ್ಟು ಏಟು ಬಿದ್ದ ಮೇಲೆ ಆ ಅಭ್ಯಾಸ ತಾನಾಗಿ ಹೋಯಿತು. ದೂರದ ಅಂದಾಜು, ಏಟು ತಿಂದೂ ನಿಲ್ಲುವ ಧೈರ್ಯ, ಇನ್ನೊಬ್ಬರಿಗೆ ನೋವಾದಾಗ ತಕ್ಷಣ ನಿಲ್ಲಿಸುವ ವಿವೇಕ ಈ ಮೂರೂ ಇಲ್ಲಿ ಬೇಗ ಬರುತ್ತವೆ. ಹೆಣ್ಣುಮಗುವಿಗೆ ಇದು ಬೇಕೇ ಬೇಕು ಎಂದು ನಾನು ನಂಬುತ್ತೇನೆ.

ಆದರೆ ಮುಷ್ಟಿಯ ಗೆಣ್ಣುಗಳ ಮೇಲೆ ಗಟ್ಟಿ ನೆಲದಲ್ಲಿ ದಂಡ ಹೊಡೆಸುವುದನ್ನು ನಾನು ಒಪ್ಪಲಾರೆ. ಈ ವಯಸ್ಸಿನಲ್ಲಿ ಮೂಳೆಯ ತುದಿಗಳು ಇನ್ನೂ ಬೆಳೆಯುತ್ತಿರುತ್ತವೆ. ಅಂಗೈ ಊರಿ ಮಾಡಲಿ ಎಂದು ನಾವು ಕೇಳಿಕೊಂಡೆವು, ಅಲ್ಲಿನ ಸೆನ್ಸೈ ಒಪ್ಪಿದರು. ಮಗನನ್ನು ಕರೆದೊಯ್ದಾಗ ‘ಇನ್ನೂ ಚಿಕ್ಕವನು, ಹೊಡೆದಾಟಕ್ಕೆ ಈಗಲೇ ಬೇಡ’ ಎಂದು ಅವರೇ ಹಿಂದಿರುಗಿಸಿದರು. ಬರುವ ಶುಲ್ಕವನ್ನು ಬಿಟ್ಟುಕೊಟ್ಟು ಇಂಥ ಮಾತು ಹೇಳುವ ಶಿಕ್ಷಕರ ಬಗ್ಗೆ ನನಗೆ ಬಹಳ ಮರ್ಯಾದೆಯಿದೆ. ಇನ್ನೊಂದು ದೋಷ ನಿಯಮದಿಂದಲೇ ಬರುವಂಥದ್ದು. ಮುಖಕ್ಕೆ ಗುದ್ದು ಬರುವುದಿಲ್ಲ ಎಂದು ಗೊತ್ತಿರುವುದರಿಂದ ಕೈಗಳು ಕ್ರಮೇಣ ಕೆಳಗಿಳಿಯುತ್ತವೆ. ಕೆಲವು ತಿಂಗಳ ನಂತರ ಶೋಟೋಕಾನ್ ಡೋಜೋಗೆ ಮರಳಿದ ಸಂಜೆಯೇ ಸೆನ್ಸೈ ಅವಳ ಗಲ್ಲದ ಮುಂದೆ ಮುಷ್ಟಿ ತಂದು ನಿಲ್ಲಿಸಿ, ‘ಕೈ ಎಲ್ಲಿಟ್ಟೆ?’ ಎಂದು ಕೇಳಿದರು.

ಪದಕದ ಆಸೆ ಇಟ್ಟುಕೊಂಡು ಬರುವವರಿಗೆ ಒಂದು ಮಾತು. ಕರಾಟೆ ಒಲಿಂಪಿಕ್ಸ್‌ನಲ್ಲಿ ಇದ್ದದ್ದು ಟೋಕಿಯೊದಲ್ಲಿ ಮಾತ್ರ, ಅದೂ 2021ರಲ್ಲಿ ನಡೆದ ಕೂಟದಲ್ಲಿ. 2024ರ ಪ್ಯಾರಿಸ್‌ನಲ್ಲಿ ಇರಲಿಲ್ಲ. ಏಷ್ಯನ್ ಕ್ರೀಡಾಕೂಟದಲ್ಲಿ 1994ರಿಂದ ಇದೆ. ಒಲಿಂಪಿಕ್ಸೇ ಗುರಿಯಾದರೆ 2000ದಿಂದ ಅಲ್ಲಿ ಪದಕದ ಕ್ರೀಡೆಯಾಗಿರುವ ಟೇಕ್ವಾಂಡೋ ನೋಡಬೇಕು. ಅಂಕಗಳ ಕರಾಟೆ ಸ್ಪರ್ಧೆಯಲ್ಲಿ ಗುದ್ದಿಗೆ ಒಂದು, ದೇಹಕ್ಕೆ ಬಿದ್ದ ಒದೆತಕ್ಕೆ ಎರಡು, ತಲೆಗೆ ಬಿದ್ದ ಒದೆತಕ್ಕೆ ಮೂರು ಅಂಕ. ಅದನ್ನೇ ಗುರಿಯಾಗಿಸಿ ಕಲಿಸುವ ಅಕಾಡೆಮಿಗಳೂ ಇವೆ. ನಾವು ಅತ್ತ ಹೋಗಿಲ್ಲ, ಹಾಗಾಗಿ ತೀರ್ಪು ಕೊಡುವುದಿಲ್ಲ.

ಮೂರನ್ನೂ ಕಂಡ ಮೇಲೆ ನಾನು ಹೇಳುವುದಿಷ್ಟು. ಎಂಟರೊಳಗಿನ ಮಕ್ಕಳಿಗೆ ಶಾಲೆಯ ತರಗತಿ ಸಾಕು, ಪ್ರತಿ ಗ್ರೇಡಿಂಗಿಗೂ ಕೂರಿಸಬೇಕಾಗಿಲ್ಲ. ಕಳೆದ ಸಲ ‘ಇವನು ಈ ಬಾರಿ ಕೂರುವುದಿಲ್ಲ’ ಎಂದು ನಾವು ಬರೆದುಕೊಟ್ಟೆವು, ಯಾರೂ ಆಕ್ಷೇಪಿಸಲಿಲ್ಲ. ಎಂಟು ದಾಟಿದ ಮೇಲೆ ಡೋಜೋವೇ ಸರಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಹೊಡೆದಾಡಿಸುವ ತರಗತಿ ಹನ್ನೊಂದು ಹನ್ನೆರಡರ ಮೇಲೆ, ಮಗು ತಾನಾಗಿ ಕೇಳಿದರೆ, ಡೋಜೋದ ಜೊತೆಗೆ ಇರಲಿ. ಡೋಜೋ ಬಿಡಿಸಿ ಸೇರಿಸುವುದು ಬೇಡ.

ಯಾವುದಕ್ಕೇ ಸೇರಿಸುವ ಮೊದಲು ಒಂದು ಇಡೀ ತರಗತಿಯನ್ನು ಕುಳಿತು ನೋಡಿ. ಕಲಿಸುವವರು ಮುಂದೆ ನಿಂತು ಎಣಿಸುತ್ತಾರೋ, ಸಾಲಿನೊಳಗೆ ಬಂದು ಮೊಣಕೈ ಹಿಮ್ಮಡಿ ಮುಟ್ಟಿ ತಿದ್ದುತ್ತಾರೋ ಗಮನಿಸಿ. ಕಳೆದ ಗ್ರೇಡಿಂಗಿನಲ್ಲಿ ಯಾರನ್ನಾದರೂ ಉಳಿಸಿದ್ದೀರಾ, ಯಾಕೆ ಎಂದು ಕೇಳಿ. ಉತ್ತರ ಹೇಳಲು ಅವರು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆಂಬುದರಿಂದಲೇ ಬಹಳಷ್ಟು ತಿಳಿಯುತ್ತದೆ.

ಮಗ ಬರುವ ಜೂನ್‌ನಲ್ಲಿ, ಶಾಲೆ ಶುರುವಾದ ಮೇಲೆ, ಡೋಜೋ ಸೇರುತ್ತಾನೆ. ಮಗಳು ಈಗ ನಾಲ್ಕನೆಯ ಕಟಾ ಹೇಯಾನ್ ಯೋದಾನ್ ಕಲಿಯುತ್ತಿದ್ದಾಳೆ. ಕಂದು ಬೆಲ್ಟಿಗೆ ಇನ್ನೂ ಐದನೆಯದಾದ ಹೇಯಾನ್ ಗೋದಾನ್ ಮತ್ತು ಟೆಕ್ಕಿ ಶೋದಾನ್ ಎಂಬ ಇನ್ನೊಂದು ಕಟಾ ದಾಟಬೇಕು. ಭಾರದ ಹೆಚ್ಚಿನ ಪಾಲನ್ನು ಹಿಂದಿನ ಕಾಲಿಗೆ ಹಾಕುವ ಕೊಕುತ್ಸು ದಾಚಿ ನಿಲುವಿನಲ್ಲಿ ಅವಳ ಸೊಂಟ ಇನ್ನೂ ಮುಂದಕ್ಕೆ ಜಾರುತ್ತದೆಯಾದ್ದರಿಂದ ಮುಂದಿನ ಗ್ರೇಡಿಂಗಿಗೆ ಬೇಡ ಎಂದು ಸೆನ್ಸೈ ಹೇಳಿದ್ದಾರೆ. ಅದರ ನಂತರದ್ದಕ್ಕೆ ಅವಳು ದಿನವೂ ಸಂಜೆ ಅಭ್ಯಾಸ ಮಾಡುತ್ತಿದ್ದಾಳೆ.